ಫೋಟೋ ನಿಜ, ಜೊತೆಗಿನ ಬರಹ ಸುಳ್ಳು

ಕುರ್ಚಿಗೆ ಬಿಗಿದ ಹೆಂಗಸಿನ ಮಸುಕು ಫೋಟೋ ಓಡಾಡುತ್ತಿದೆ. ‘ಎಲೆಕ್ಟ್ರಿಕ್ ಕುರ್ಚಿಯಲ್ಲಿ ಸತ್ತ ಮೊದಲ ಹೆಂಗಸು, ಜೈಲಿನವರೇ ತೆಗೆಸಿದ ಚಿತ್ರ’ ಅಂತ ಬರಹ. ಎರಡೂ ತಪ್ಪು.

ಆಕೆ ರೂತ್ ಸ್ನೈಡರ್. ಅಮೆರಿಕದವಳು. 1927ರ ಮಾರ್ಚ್‌ನಲ್ಲಿ ಪ್ರಿಯಕರ ಜಡ್ ಗ್ರೇ ಜೊತೆ ಸೇರಿ ಗಂಡನನ್ನು ಕೊಂದಳು. ಕಳ್ಳರ ಕೆಲಸ ಅಂತ ನಂಬಿಸಲು ನೋಡಿದಳು. ‘ಕಳುವಾದ’ ಒಡವೆ ಹಾಸಿಗೆಯ ಕೆಳಗೇ ಸಿಕ್ಕಿತು! 1928ರ ಜನವರಿ 12ರಂದು ನ್ಯೂಯಾರ್ಕಿನ ಸಿಂಗ್ ಸಿಂಗ್ ಜೈಲಿನಲ್ಲಿ ಇಬ್ಬರಿಗೂ ಎಲೆಕ್ಟ್ರಿಕ್ ಕುರ್ಚಿಯಲ್ಲಿ ಮರಣದಂಡನೆ ಆಯಿತು.

ಆದರೆ ಅದೇ ಜೈಲಿನಲ್ಲಿ 1899ರಲ್ಲೇ ಮಾರ್ಥಾ ಪ್ಲೇಸ್ ಎಂಬಾಕೆಗೆ ಇದೇ ಶಿಕ್ಷೆ ಆಗಿತ್ತು. ಇನ್ನು ಫೋಟೋ. ಒಳಗೆ ಕ್ಯಾಮೆರಾ ತರುವಂತೆಯೇ ಇರಲಿಲ್ಲ, ಜೈಲಿನವರು ತೆಗೆಸೋದೆಲ್ಲಿ ಬಂತು? ಟಾಮ್ ಹೋವರ್ಡ್ ಎಂಬ ಪತ್ರಿಕಾ ಫೋಟೋಗ್ರಾಫರ್ ಕಾಲಿನ ಗಿಣ್ಣಿಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಹೋಗಿ, ಪ್ಯಾಂಟಿನ ತುದಿ ಮೇಲೆತ್ತಿ ಕದ್ದು ತೆಗೆದದ್ದು. ಮರುದಿನ ‘ಡೈಲಿ ನ್ಯೂಸ್’ ಪತ್ರಿಕೆ ಅದನ್ನು ಮುಖಪುಟದಲ್ಲೇ ಹಾಕಿತು.