ನೀತಿ ಸಂಹಿತೆಯ ತುಕ್ಕು

ಮತ್ತೆ ಬಂತು. ಚುನಾವಣೆ ಪ್ರಯುಕ್ತ ಪರವಾನಗಿ ಇರುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸತಕ್ಕದ್ದು. ಪೇಪರಿನ ಮೂಲೆಯಲ್ಲಿ ಎರಡೇ ಸಾಲು, ನೀವೂ ಓದಿರುತ್ತೀರಿ. ಓದಿದವನೇ ಬೀರು ತೆಗೆದು ನಮ್ಮ ಕೋವಿಯನ್ನು ಜಗಲಿಗೆ ತಂದು ಕೂತೆ. ರಿಪೇರಿ ಮಾಡಿಸುವುದಾ ಬೇಡವಾ ಅನ್ನುವುದು ಹೋದ ಚುನಾವಣೆಯಿಂದಲೂ ಬಾಕಿ ಇದ್ದ ವಿಚಾರ. ಇನ್ನೊಂದು ಪ್ರಜಾಪ್ರಭುತ್ವವನ್ನು ತಡೆದುಕೊಳ್ಳುವ ತಾಕತ್ತು ಇದಕ್ಕಿದೆಯಾ ಅಂತ ನೋಡಬೇಕಿತ್ತು.

ಕೋವಿ ಅಪ್ಪನ ಕಾಲದ್ದು. ಜೋಡು ನಳಿಗೆ, ಹನ್ನೆರಡು ಬೋರು. ನಮ್ಮ ಕಡೆ ಬೋರು ಅಂದರೆ ಕೊಳವೆಬಾವಿ, ಹನ್ನೆರಡು ತೋಡಿಸಿದವನು ಊರು ಬಿಟ್ಟಿರುತ್ತಾನೆ. ಕೋವಿಯ ಲೆಕ್ಕ ಬೇರೆ. ಒಂದು ಪೌಂಡ್ ಸೀಸವನ್ನು ಸಮನಾಗಿ ಹನ್ನೆರಡು ಗುಂಡು ಮಾಡಿದರೆ ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವ ನಳಿಗೆಯೇ ಹನ್ನೆರಡು ಬೋರು, ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಬೋರು ಅಂದರೆ ಇಪ್ಪತ್ತು ಗುಂಡು, ಹಾಗಾಗಿ ನಳಿಗೆ ಇನ್ನೂ ಸಣ್ಣದು. ಸಂಖ್ಯೆ ಹೆಚ್ಚಿದಷ್ಟೂ ವಸ್ತು ಸಣ್ಣದಾಗುವ ಈ ಲೆಕ್ಕ ನನಗೆ ಬಾಲ್ಯದಲ್ಲಿ ತಲೆಗೇ ಹತ್ತುತ್ತಿರಲಿಲ್ಲ. ನಿಗಮ ಮಂಡಳಿಗಳ ಅಧ್ಯಕ್ಷರ ಪಟ್ಟಿ ನೋಡುವ ವಯಸ್ಸು ಬಂದ ಮೇಲೆ ತಾನಾಗಿಯೇ ಹತ್ತಿತು.

ಅಪ್ಪ ಇದ್ದಷ್ಟು ದಿನ ನಳಿಗೆಯ ಒಳಗೆ ಮುಖ ನೋಡಿಕೊಳ್ಳಬಹುದಿತ್ತು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆಬಟ್ಟೆ ಎಳೆಯುತ್ತಿದ್ದರು. ಕೋವಿ ಹಾಳಾದದ್ದು ಈಡು ಹೊಡೆದು ಅಲ್ಲ, ರಕ್ಷಣೆಯಲ್ಲಿದ್ದು. 2024ರ ಲೋಕಸಭೆ ಚುನಾವಣೆಯನ್ನೇ ನೋಡಿ. ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ಕೋವಿ ಹೋಯಿತು. ನಾವು ಏಪ್ರಿಲ್ 26ಕ್ಕೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದೆವು. ಅಷ್ಟಕ್ಕೆ ಮುಗಿಯಲಿಲ್ಲ. ಜೂನ್ 1ಕ್ಕೆ ಪಂಜಾಬಿನವರು ಮತ ಹಾಕಬೇಕು, 4ಕ್ಕೆ ಎಣಿಕೆಯಾಗಬೇಕು, 6ಕ್ಕೆ ಸಂಹಿತೆ ಏಳಬೇಕು. ಅಲ್ಲಿಯವರೆಗೆ ನಮ್ಮ ತೋಟದ ಮಂಗಗಳು ದೇಶದ ಐಕ್ಯತೆಯನ್ನು ಎಳೆ ಅಡಿಕೆ ಚೀಪುತ್ತಾ ಆಚರಿಸಿದವು. ಕೋವಿ ಬಿಡಿಸಿಕೊಳ್ಳಲು ಹೋದ ದಿನ ಮುಂಗಾರು ಶುರುವಾಗಿತ್ತು, ಠಾಣೆಯ ಆ ಕೋಣೆಯ ಗೋಡೆಯಲ್ಲಿ ನೀರು ಇಳಿಯುತ್ತಿತ್ತು. ಊರಿನ ಕೋವಿಗಳೆಲ್ಲ ಸೌದೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಕುತ್ತಿಗೆಗೆ ದಾರ, ದಾರಕ್ಕೆ ಚೀಟಿ. ಚೀಟಿಯ ಶಾಯಿ ಕರಗಿ ನಮ್ಮ ಮನೆತನದ ಹೆಸರಿನ ಅರ್ಧ ಪಕ್ಕದ ಮನೆಯವರ ಕೋವಿಗೆ ಅಂಟಿತ್ತು.

"ಏನ್ ಸಾರ್ ಇದು, ತುಕ್ಕು ಹಿಡಿದಿದೆಯಲ್ಲ?"

"ತರುವಾಗಲೇ ಇತ್ತೇನೋ, ನೋಡ್ಕೊಳ್ಳಿ," ಅಂದರು ರೈಟರು. ಪಾಪ, ಒಳ್ಳೆಯ ಮನುಷ್ಯ. ಅವರ ಕುರ್ಚಿಯ ಕಾಲಿಗೂ ತುಕ್ಕು ಹಿಡಿದಿತ್ತು.

ಈಗ ಕೋವಿಯ ಸ್ಥಿತಿ ಹೀಗಿದೆ. ಎಡ ನಳಿಗೆಯ ಮೂತಿಯ ಹತ್ತಿರ ಹೆಬ್ಬೆರಳಿನ ಉಗುರಿನಷ್ಟು ತಗ್ಗು. ಮರದ ಹಿಡಿ ಸಣ್ಣಗಾಗುವ ಜಾಗದಲ್ಲಿ ಬಿರುಕು. ಒಳಗೆ ತುಕ್ಕು ತಿಂದ ಗುಳಿಗಳು. ತಗ್ಗಿದ ಮೂತಿಯನ್ನು ಎರಡಿಂಚು ಕೊಯ್ದು ಬಿಸಾಡೋಣ ಅಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಅಡ್ಡ ಬರುತ್ತದೆ, ಪ್ರತ್ಯೇಕ ಪರವಾನಗಿ ಇಲ್ಲದೆ ನಳಿಗೆಯ ಉದ್ದ ಕಡಿಮೆ ಮಾಡುವಂತಿಲ್ಲ. ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು, 5ನೇ ಕಲಂ. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಕೋವಿಯ ಆಯಸ್ಸು ಕಡಿಮೆ ಮಾಡುವುದಕ್ಕೆ ಮಾತ್ರ ಯಾವ ಕಲಮೂ ಕಾಣಲಿಲ್ಲ.

ಲೈಸೆನ್ಸ್ ಇರುವ ರಿಪೇರಿಯವರನ್ನು ಹುಡುಕಿಕೊಂಡು ಹೋದೆ. ಮುದುಕರು. ಕೋವಿ ಮಡಚಿದರು, ನಳಿಗೆ ಬಿಚ್ಚಿದರು, ಅದರ ಕೊಕ್ಕೆಯನ್ನು ಒಂದು ಬೆರಳಿಗೆ ತೂಗುಹಾಕಿಕೊಂಡು ಇನ್ನೊಂದು ಕೈಯ ಗೆಣ್ಣಿನಿಂದ ಟಕ್ಕನೆ ಹೊಡೆದರು. ದೇವಸ್ಥಾನದ ಗಂಟೆಯ ಹಾಗೆ ಎಳೆದು ಮೊಳಗಿದರೆ ಎರಡು ನಳಿಗೆಯ ನಡುವಿನ ಬೆಸುಗೆ ಗಟ್ಟಿ ಇದೆ ಅಂತ ಅರ್ಥವಂತೆ. ನಮ್ಮದು ಒಡೆದ ಮಡಕೆಯ ಹಾಗೆ ಠಪ್ ಅಂತು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಒಳಗೆ ಬೆಳಕು ಬಳೆ ಬಳೆಯಾಗಿ ಕೂತಿರಬೇಕು, ತಗ್ಗಿದ್ದಲ್ಲಿ ಬಳೆ ಸೊಟ್ಟಗಾಗುತ್ತದೆ. ಕೊನೆಗೆ ನಳಿಗೆಯನ್ನು ಮತ್ತೆ ಕೂರಿಸಿ, ಮುಂದಿನ ಕೈಮರ ತೆಗೆದು ಕೋವಿಯನ್ನು ಅಲುಗಾಡಿಸಿದರು. ಲಟಲಟ ಅಂದಿತು.

"ಹಿಡಿ ಬೇರೆ ಹಾಕ್ಬಹುದು, ಸ್ಪ್ರಿಂಗ್ ಬೇರೆ ಹಾಕ್ಬಹುದು, ಬೆಸುಗೆನೂ ಮಾಡ್ಬಹುದು. ನಳಿಗೆಯ ದಪ್ಪ ಹೋದ್ರೆ ತಂದು ಹಾಕೋಕಾಗಲ್ಲ. ಗುಳಿ ಉಜ್ಜಿ ತೆಗೆದ್ರೆ ಎಡದ್ರಲ್ಲಿ ತಗಡು ಉಳಿಯುತ್ತೆ ಅಷ್ಟೆ. ಅದಕ್ಕೆ ತೋಟೆ ಹಾಕ್ಲೇಬೇಡಿ, ಕೈ ಹೋಗುತ್ತೆ."

"ಮಾಡಿಸ್ಬಹುದಾ ಹಾಗಾದ್ರೆ?"

"ಮಾಡ್ಕೊಡ್ತೀನಿ. ಆದ್ರೆ ಚುನಾವಣೆ ಮುಗೀಲಿ. ಈಗ ಮಾಡಿದ್ರೆ ಎರಡು ಸಲ ಮಾಡ್ಬೇಕಾಗುತ್ತೆ."

ಸರ್ಕಾರದ ಉಪಕಾರವನ್ನೂ ನೆನೆಯಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ಚುನಾವಣೆಯನ್ನು ವರ್ಷಗಟ್ಟಲೆ ಮುಂದೆ ಹಾಕಿದರಲ್ಲ, ಅದೆಲ್ಲ ನಮ್ಮ ಕೋವಿಯ ಮೇಲಿನ ಕರುಣೆಯಿಂದ ಅಂತಲೇ ನಾನು ತಿಳಿದಿದ್ದೇನೆ.

ಅಪ್ಪ ಮನುಷ್ಯರ ಕಡೆಗೆ ಕೋವಿಯ ಮೂತಿ ತಿರುಗಿಸಿದವರಲ್ಲ. ನನ್ನ ಮೇಲೆ ಹೆಲ್ಮೆಟ್ ಕೇಸೂ ಇಲ್ಲ. ಚುನಾವಣಾ ಆಯೋಗ ಎಲ್ಲರ ಕೋವಿಯನ್ನೂ ಕಿತ್ತುಕೊಳ್ಳಿ ಅಂದಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಚುನಾವಣೆ ಗಲಾಟೆಯಲ್ಲಿ ಇದ್ದವರು ಯಾರು ಅಂತ ಸ್ಕ್ರೀನಿಂಗ್ ಕಮಿಟಿ ಕೂತು ನೋಡಬೇಕು ಅಂದಿದೆ. ಕೂತು ನೋಡುವುದು ಕಷ್ಟ. ಎಲ್ಲರಿಗೂ ತಂದಿಡಿ ಅನ್ನುವುದು ಸುಲಭ. ಅಪರಾಧದ ಹಿನ್ನೆಲೆಯವರನ್ನು ಹುಡುಕುವುದು ಅಷ್ಟು ಕಷ್ಟವೂ ಅಲ್ಲ, ಹಲವರು ನಾಮಪತ್ರದ ಜೊತೆಗೆ ತಾವೇ ಅಫಿಡವಿಟ್ ಕೊಟ್ಟಿರುತ್ತಾರೆ. ಮನೆಮನೆಗೆ ಕುಕ್ಕರ್ ಹಂಚಿದವರನ್ನು ಯಾರೂ ಎರಡೂವರೆ ತಿಂಗಳು ಡಿಪಾಸಿಟ್ ಇಟ್ಟುಕೊಳ್ಳಲಿಲ್ಲ. ಲೈಸೆನ್ಸ್ ಇಲ್ಲದ ಕೋವಿಯವನಿಗೆ ನೋಟಿಸೂ ಇಲ್ಲ, ಕ್ಯೂನೂ ಇಲ್ಲ, ಅವನ ಕೋವಿ ಮನೆಯಲ್ಲೇ ಬೆಚ್ಚಗೆ ಎಣ್ಣೆ ಕುಡಿದು ಮಲಗಿದೆ. ಕಾನೂನಿನ ಪ್ರಕಾರ ಇಟ್ಟುಕೊಂಡವನು ಪ್ರತಿ ಸಲ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಬೇಕು. ಸುಸ್ತಾಗುತ್ತದೆ ಮಾರಾಯ್ರೆ.

ರಿಪೇರಿ ಮಾಡಿಸಲಿಲ್ಲ. ನಿನ್ನೆ ಹಾಗೆಯೇ ತೆಗೆದುಕೊಂಡು ಹೋಗಿ ಒಪ್ಪಿಸಿದೆ. ಅದೇ ರೈಟರು, ಅದೇ ಕುರ್ಚಿ.

"ಈಡು ಹಾರುತ್ತಾ ಇದು?"

"ಇಲ್ಲ ಸಾರ್."

"ಮತ್ಯಾಕೆ ತಂದ್ರಿ?"

"ನೀವೇ ಫೋನ್ ಮಾಡ್ಸಿದ್ರಲ್ಲ."

ರಿಜಿಸ್ಟರ್ ತೆಗೆದರು. ನಂಬರ್ ಬರೆದರು, ಬೋರು ಬರೆದರು. ಸ್ಥಿತಿ ಅನ್ನುವ ಕಾಲಂ ಬಂದಾಗ ಪೆನ್ನು ನಿಂತಿತು. ಹೋದ ಸಲ ಏನು ಬರೆದಿದ್ದೀರಿ ನೋಡಿ ಅಂದೆ. ಎಂಜಲು ಹಚ್ಚಿ ಹಿಂದಿನ ಪುಟಗಳನ್ನು ತಿರುವಿದರು. 'ಸುಸ್ಥಿತಿ' ಅಂತಿತ್ತು. ಅದನ್ನೇ ಇಳಿಸಿಕೊಂಡು, ನನ್ನ ಸಹಿ ಎಲ್ಲಿ ಹಾಕಬೇಕು ಅಂತ ತೋರಿಸಿದರು.