ಅಬ್ರಾಕ್ಸಸ್ ಬಗ್ಗೆ ಒಂದು ಮಾತು
ಸಂತಾನಾ ಬ್ಯಾಂಡಿನ ಅಬ್ರಾಕ್ಸಸ್ ಆಲ್ಬಮ್ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್, ಆದ್ರೆ ಆ ಆಲ್ಬಮ್ಮಿನ ಬ್ಲ್ಯಾಕ್ ಮ್ಯಾಜಿಕ್ ವುಮನ್ ಹಾಡು ಸಂತಾನಾ ಬರೆದಿದ್ದು ಅಂದಿದೀರಲ್ಲ, ಅದು ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಪೀಟರ್ ಗ್ರೀನ್ ಹಾಡು, 1968ರದ್ದು. ಸಂತಾನಾದವ್ರು 1970ರಲ್ಲಿ ಅದರ ಬಾಲಕ್ಕೆ ಹಂಗೇರಿಯ ಗಿಟಾರಿಸ್ಟ್ ಗಾಬೋರ್ ಸಾಬೋನ ಜಿಪ್ಸಿ ಕ್ವೀನ್ ಅನ್ನೋ ಟ್ಯೂನ್ ಅಂಟಿಸಿದ್ರು, ಎಲ್ಲಿ ಜೋಡಿಸಿದಾರೆ ಅಂತ ಗೊತ್ತೇ ಆಗಲ್ಲ! ಹಾಡಿರೋದೂ ಬ್ಯಾಂಡಿನ ಗಿಟಾರಿಸ್ಟ್ ಕಾರ್ಲೋಸ್ ಸಂತಾನಾ ಅಲ್ಲ, ಆರ್ಗನ್ ನುಡಿಸೋ ಗ್ರೆಗ್ ರೋಲಿ. ಇದೇ ಆಲ್ಬಮ್ಮಿನ ಓಯೆ ಕೋಮೊ ವಾ ಕೂಡ ಟೀಟೊ ಪುವೆಂಟೆಯ ಚಾ ಚಾ ಚಾ (ಕ್ಯೂಬಾದ ಕುಣಿತದ ಧಾಟಿ) ಹಾಡು, ಮೂಲದಲ್ಲಿ ಕೊಳಲು ಇರೋ ಜಾಗದಲ್ಲಿ ಇಲ್ಲಿ ಗಿಟಾರು, ಹ್ಯಾಮಂಡ್ ಆರ್ಗನ್ ಬಂದು ಕೂತಿವೆ, ಕೆಳಗೆ ಕೊಂಗಾ, ಟಿಂಬಾಲೆ ಅನ್ನೋ ಡ್ರಮ್ಮುಗಳು ಬಿಡದೆ ಕುಣಿಸ್ತಾ ಇರುತ್ವೆ. ಬ್ಲೂಸು, ಜಾಝು, ಕ್ಯೂಬಾದ ತಾಳ ಎಲ್ಲಾ ಬಿಸಿಬೇಳೆಬಾತ್ ಥರ ಬೆರೆತಿದ್ರೂ ಒಂದೊಂದರ ರುಚಿನೂ ಸಿಗುತ್ತೆ. ನಂಗೆ ಮಾತ್ರ ರಾತ್ರಿ ಹೊತ್ತು ಇದ್ರಲ್ಲಿರೋ ಸಾಂಬಾ ಪಾ ತೀ ಒಂದಿದ್ರೆ ಸಾಕಪ್ಪಾ, ಮಾತೇ ಇಲ್ಲ ಅದ್ರಲ್ಲಿ, ಗಿಟಾರೇ ಹಾಡುತ್ತೆ.