ಷಡ್ಡಕನ ಜೊತೆ ಸಮಪಾಲು

ಪೋಕರ್‌ನಲ್ಲಿ ಸೋತರೆ ನನಗೆ ಅಷ್ಟೇನೂ ಬೇಜಾರಿಲ್ಲ. ಸಮ ಬಂದರೆ ಮೈ ಉರಿಯುತ್ತದೆ. ಅದರಲ್ಲೂ ಷಡ್ಡಕನ ಜೊತೆ.

ದೀಪಾವಳಿಗೆ ಮಾವನ ಮನೆಯಲ್ಲಿ ಸೇರಿದ್ದೆವು. ಹೋಳಿಗೆ ಊಟ ಮುಗಿಸಿ, ಜಮಖಾನ ಹಾಸಿ ಕೂತೆವು. ದುಡ್ಡಿಟ್ಟು ಆಡುವುದು ಅತ್ತೆಗೆ ಆಗದು. ಹಾಗಾಗಿ ಹುಣಸೆ ಬೀಜ. ನನ್ನ ಕೈಗೆ ಎರಡು 8 ಬಂದವು. ಷಡ್ಡಕನ ಹತ್ತಿರ ಇದ್ದದ್ದು 7 ಮತ್ತು 4, ಅದು ಆಮೇಲೆ ಗೊತ್ತಾಯಿತು. ಅಂಥ ಎಲೆ ಹಿಡಿದವನು ಮರ್ಯಾದೆಯಿಂದ ಎಲೆ ಕೆಳಗಿಟ್ಟು ಪ್ಯಾಕ್ ಮಾಡಬೇಕು, ಅಲ್ವಾ? ಹುಣಸೆ ಬೀಜದ ಆಟದಲ್ಲಿ ಆ ಮರ್ಯಾದೆಯೆಲ್ಲ ಎಲ್ಲಿ!

ಕೈಯಲ್ಲಿ ಎರಡು, ಎಲ್ಲರಿಗೂ ಸೇರಿದ್ದು ನೆಲದ ಮೇಲೆ ಐದು; ಈ ಏಳರಲ್ಲಿ ಒಳ್ಳೆಯ ಐದೇ ಲೆಕ್ಕ. ನೆಲಕ್ಕೆ ಮೊದಲು ಎಕ್ಕ, ರಾಜ, 9 ಬಿದ್ದವು. ನಾನೇ ಮುಂದೆ. ಇನ್ನೊಂದು 9 ಬಿತ್ತು. ಆಗಲೂ ನಾನೇ. ಕೊನೆಗೆ ಇನ್ನೊಂದು ಎಕ್ಕ ಬಂತು ನೋಡಿ, ನನ್ನ ಜೋಡಿ 8 ಅಲ್ಲೇ ಸತ್ತಿತು. ಎರಡು ಎಕ್ಕ, ಎರಡು 9, ಒಂದು ರಾಜ. ಐದೂ ನೆಲದ ಎಲೆಗಳೇ, ಇಬ್ಬರಿಗೂ ಅದೇ ಕೈ. ಆರನೇ ಎಲೆಯನ್ನು ಪೋಕರ್ ಕಣ್ಣೆತ್ತಿಯೂ ನೋಡುವುದಿಲ್ಲ.

ಮಧ್ಯದಲ್ಲಿದ್ದದ್ದು 27 ಬೀಜ. ನಮ್ಮಿಬ್ಬರದು ತಲಾ 12, ಬಾಮೈದ ಹಾಕಿ ಪ್ಯಾಕ್ ಮಾಡಿದ್ದು 3. ಹದಿಮೂರು ಹದಿಮೂರು ಹಂಚಿದರೆ ಒಂದು ಉಳಿಯಿತು. ಆ ಒಂದು ಬೀಜಕ್ಕೆ ಮನೆಯೆಲ್ಲ ಸೇರಿತು.

ಮಾವನವರು ಮೂರೆಲೆ ಆಟದಲ್ಲಿ ಪಳಗಿದವರು. "ಶೋ ಕೇಳಿದವರು ಯಾರು?" ಅಂದರು. ಷಡ್ಡಕ ಕಟ್ಟಿದ್ದಕ್ಕೆ ನಾನೂ ಕಟ್ಟಿ ಎಲೆ ಬಿಚ್ಚಿಸಿದ್ದೆ. "ಹಾಗಾದರೆ ಎಲ್ಲಾ ಬೀಜ ಅವರಿಗೇ." ಮೂರೆಲೆಯಲ್ಲಿ ಎಲೆ ಸಮ ಬಂದರೆ ಶೋ ಕೇಳಿದವನಿಗೇ ಸೋಲು. ಇದು ಪೋಕರ್ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಕಾಫಿ ಆರಿತು. ಸ್ವಂತ ಮಗಳನ್ನು ಕೊಟ್ಟವರು ಅಳಿಯನ ಪರ ಒಂದು ಮಾತಾಡಬಾರದೇ? ಆಡಿದರು, ಇನ್ನೊಬ್ಬ ಅಳಿಯನ ಪರ.

"ರೀ, ನಿಮ್ಮ 8 ಇಸ್ಪೀಟು ಅಲ್ವಾ? ಅದೇ ದೊಡ್ಡದು," ಎಂದಳು ಹೆಂಡತಿ. ಪಾಪ, ಪ್ರೀತಿಗೆ ಹೇಳಿದ್ದು. ಬ್ರಿಜ್ ಆಟದ ಹರಾಜಿನಲ್ಲಿ ಇಸ್ಪೀಟಿಗೆ ಕಳಾವರಿಗಿಂತ ಜಾಸ್ತಿ ಬೆಲೆ. ಪೋಕರ್‌ನಲ್ಲಿ ಕೈ ಸಮವಾದಾಗ ಎರಡೂ ಒಂದೇ.

ನಿಯಮ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಉಳಿದ ಒಂದು ಬೀಜ ಎಲೆ ಹಂಚಿದವನ ಎಡಗಡೆಯಿಂದ ಮೊದಲು ಸಿಗುವ ಪಾಲುದಾರನಿಗೆ. ಹಂಚಿದ್ದು ಬಾಮೈದ. ಅವನ ಎಡಕ್ಕೆ ಕೂತಿದ್ದು ಷಡ್ಡಕ. ಚಕ್ಕುಲಿ ಡಬ್ಬಿ ಆ ಕಡೆ ಇತ್ತು, ಅದಕ್ಕೇ ಅಲ್ಲಿ ಕೂತಿದ್ದ. ಹದಿನಾಲ್ಕು ಬೀಜ ಎಳೆದುಕೊಂಡು, ಒಂದು ಚಕ್ಕುಲಿ ಮುರಿದ. 7 ಮತ್ತು 4 ಹಿಡಿದವನು!

ಸಮಪಾಲಿನಲ್ಲಿ ಏನೋ ನ್ಯಾಯ ಇದೆ ಅಂತ ಬರೆಯಲು ಹೊರಟಿದ್ದೆ. ಈಗ ಆ ಮನಸ್ಸಿಲ್ಲ. 10ರಿಂದ ಎಕ್ಕದವರೆಗೆ ಐದೂ ಆಟೀನು ನೆಲದ ಮೇಲೇ ಬಿದ್ದರೂ ಇದೇ ಪಾಡು. ನಾಲ್ಕು ಬಣ್ಣವನ್ನೂ ಲೆಕ್ಕಕ್ಕೆ ಹಿಡಿದರೆ ಅಂಥ ನೆಲ 6,49,740ರಲ್ಲಿ ಒಂದು ಸಲ ಬರುವಂಥದ್ದು. ಅದಕ್ಕಿಂತ ದೊಡ್ಡ ಕೈ ಇಲ್ಲ. ಆದರೂ ಯಾರೂ ಗೆಲ್ಲುವುದಿಲ್ಲ, ಆಟದಲ್ಲಿ ಉಳಿದವರೆಲ್ಲ ಹಂಚಿಕೊಳ್ಳಬೇಕು. ಹೆದರಿ ಪ್ಯಾಕ್ ಮಾಡಿದವನಿಗೆ ಮಾತ್ರ ಏನೂ ಇಲ್ಲ. ನಮ್ಮ ಬಾಮೈದ ಖಂಡಿತ ಮಾಡುತ್ತಾನೆ.